ನೋಡುವವನ ಪಾಲು

ಕಾರಹುಣ್ಣಿಮೆ ಬಂತೆಂದರೆ ರಾಯಚೂರಿನ ಸೀಮೆಯಲ್ಲಿ ಎತ್ತುಗಳದೇ ಮಾತು. ಮಾನ್ವಿ, ದೇವದುರ್ಗಗಳ ಕಡೆಯ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆಗೆ ಕರಿ ಹರಿಯಲು ಬಿಡುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಪೈರು ಕೈಹಿಡಿದೀತೆಂದು ಲೆಕ್ಕ ಹಾಕುತ್ತಾರೆ. ಪಟ್ಟಣದ ಹಬ್ಬ ಬೇರೆ ಬಗೆಯದು. ಮುನ್ನೂರು ಕಾಪು ಸಮಾಜದವರು ನಡೆಸುತ್ತ ಬಂದಿರುವ ಮುಂಗಾರು ಹಬ್ಬದಲ್ಲಿ ಎತ್ತಿನ ಜೋಡಿಗಳಿಂದ ಭಾರದ ಕಲ್ಲು ಎಳೆಸುತ್ತಾರೆ. ಕಲ್ಲು ಒಂದೂವರೆ ಟನ್ನಿನದು, ಎರಡು ಟನ್ನಿನದು, ಅದಕ್ಕೂ ಮೇಲಿನದು. ಗೊತ್ತು ಮಾಡಿದ ಹೊತ್ತಿನೊಳಗೆ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ನೆರೆಯ ಆಂಧ್ರ, ತೆಲಂಗಾಣಗಳಿಂದಲೂ ಜೋಡಿಗಳು ಬರುತ್ತವೆ. ಜನ ಸುತ್ತ ನೆರೆದು ಕೂಗುತ್ತಾರೆ.

ಇಂಥ ನೋಟ ಸರಿಯೆ, ತಪ್ಪೆ ಎಂದು ಎತ್ತಿನ ಒಡೆಯನನ್ನು ಕೇಳುವವರುಂಟು. ಏರ್ಪಡಿಸಿದವರನ್ನೂ ಸರಕಾರವನ್ನೂ ಕೇಳುವವರುಂಟು. ನೋಡಲು ಬಂದು ನಿಂತವನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅವನು ಎತ್ತು ಹೂಡಿದವನಲ್ಲ, ಬಾರುಕೋಲು ಹಿಡಿದವನಲ್ಲ. ಬಂದು ನೋಡಿ ಹೋದವನು, ಅಷ್ಟೆ. ಅವನಿಗೂ ಇದರಲ್ಲಿ ಪಾಲುಂಟೆ?

ಅದೇ ಊರಿನ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲುಂಟು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ವಿಠಲನೆಂಬ ದಂಡನಾಯಕನು ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ತೆಲುಗಿನಲ್ಲಿ ಕೆತ್ತಿದ್ದಾರೆ. ಅದೇ ಗೋಡೆಯಲ್ಲಿ ಆ ಕಲ್ಲನ್ನು ಬಂಡಿಯ ಮೇಲೇರಿಸಿ ತಂದ ಬಗೆಯನ್ನೂ ಚಿತ್ರಿಸಿದ್ದಾರೆ. ಉದ್ದ ಸಾಲಿನಲ್ಲಿ ಹೂಡಿದ ಪಶುಗಳು, ಅವನ್ನು ಹುರಿದುಂಬಿಸುವ ಆಳುಗಳು, ಗಾಲಿಗೆ ಹಾರೆ ಕೊಟ್ಟು ನೂಕುವವರು. ಪಶುಗಳ ಶ್ರಮ ಅಂದೂ ಕಡಿಮೆಯದಲ್ಲ. ಇಂದಿಗಿಂತ ಹೆಚ್ಚೇ ಇದ್ದೀತು. ಆದರೆ ಆ ಶ್ರಮದ ಕೊನೆಗೆ ಒಂದು ಗೋಡೆ ಎದ್ದಿತು. ಇಂದಿನ ಕಲ್ಲು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಮತ್ತೆ ಇನ್ನೊಂದು ಜೋಡಿಗೆ ಸಿದ್ಧವಾಗುತ್ತದೆ. ಅದರಿಂದ ಯಾವ ಗೋಡೆಯೂ ಏಳಬೇಕಾಗಿಲ್ಲ. ಎತ್ತು ಎಳೆಯುವುದು ನಾವು ನೋಡಲೆಂದೇ. ಅಂದಮೇಲೆ ನೋಡುವವನು ಹೊರಗಿನವನು ಹೇಗಾದಾನು? ಆ ಕಲ್ಲಿನ ಕೆಲಸಕ್ಕೆ ಒಂದು ಗುರಿಯಿದ್ದರೆ ಅದು ಅವನ ಕಣ್ಣೇ.

“ನಾನೊಬ್ಬ ಹೋಗದಿದ್ದರೆ ಹಬ್ಬ ನಿಂತೀತೆ?” ಎಂದು ಕೇಳಬಹುದು. ನಿಲ್ಲುವುದಿಲ್ಲ. ಆದರೆ ಗುಂಪಿನಲ್ಲಿ ನಿಂತ ಪ್ರತಿಯೊಬ್ಬನೂ ಹೇಳುವ ಮಾತು ಇದೇ. ಯಾರೊಬ್ಬನೂ ಹೊಣೆಯಲ್ಲದ ಕೆಲಸವನ್ನು ಎಲ್ಲರೂ ಸೇರಿ ಮಾಡುವುದಕ್ಕೆ ಗುಂಪಿನಷ್ಟು ಅನುಕೂಲವಾದ ಜಾಗ ಬೇರೆಯಿಲ್ಲ. ಜೋಡಿ ದಣಿದು ನಿಂತಾಗ ಕೂಗು ಏರುತ್ತದೆ. ಕೂಗು ಏರಿದಾಗ ಹೊಡೆಯುವವನ ಕೈಯೂ ಏರುತ್ತದೆ. ಆ ಕೈ ಒಬ್ಬನದು, ಅದರ ಹಿಂದಿನ ಬಲ ಹಲವರದು.

ಗುಂಪು ಮನುಷ್ಯನಿಗೆ ಏನು ಮಾಡುತ್ತದೆಂಬುದಕ್ಕೆ ಸಂತ ಅಗಸ್ಟೀನನು ತನ್ನ ಆತ್ಮಕಥನದಲ್ಲಿ ಒಂದು ನಿದರ್ಶನ ಕೊಟ್ಟಿದ್ದಾನೆ. ಅವನ ಗೆಳೆಯ ಅಲಿಪಿಯಸ್ ರೋಮಿನ ಮಲ್ಲಕಾಳಗವನ್ನು ಹೇಸುತ್ತಿದ್ದವನು. ಸ್ನೇಹಿತರು ಒತ್ತಾಯದಿಂದ ಎಳೆದೊಯ್ದಾಗ ಕಣ್ಣು ಮುಚ್ಚಿ ಕುಳಿತ. ಒಮ್ಮೆ ಜನವೆಲ್ಲ ಭೋರೆಂದು ಕೂಗಿತು. ಕುತೂಹಲ ತಡೆಯದೆ ಕಣ್ಣು ತೆರೆದ. ಆಮೇಲೆ ಅವನೇ ಕೂಗತೊಡಗಿದ. ಮುಂದೆ ಇತರರನ್ನೂ ತಾನೇ ಕರೆದೊಯ್ಯುವಂತಾದ. ನಮ್ಮ ಎತ್ತಿನ ಹಬ್ಬ ರೋಮಿನ ರಕ್ತದಾಟವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ. ಆದರೆ ಕೂಗಿಗೆ ಕಣ್ಣು ತೆರೆಯುವ ಮನಸ್ಸು ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ಇದಕ್ಕೆ ಇನ್ನೊಂದು ಮಗ್ಗಲೂ ಉಂಟು. ಎತ್ತನ್ನು ಕುರಿತು ಪಟ್ಟಣದವರು ರೈತನಿಗೆ ದಯೆಯ ಪಾಠ ಹೇಳುವುದು ಸುಲಭ. ವರ್ಷವೆಲ್ಲ ಅದಕ್ಕೆ ಹುರುಳಿ, ಹಿಂಡಿ ತಿನ್ನಿಸಿ ಮಗನಂತೆ ಸಾಕಿದವನು ಅವನು. ಹೊಲಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಎತ್ತನ್ನು ಹಟ್ಟಿಯಲ್ಲಿ ಉಳಿಸಿಕೊಂಡಿರುವುದಕ್ಕೆ ಇಂಥ ಹಬ್ಬದ ಹೆಮ್ಮೆಯೂ ಒಂದು ಕಾರಣವಾಗಿದ್ದೀತು. ಅವನು ನೋಡುವುದು ತನ್ನ ಎತ್ತನ್ನು. ನಾವು ನೋಡುವುದು ತಮಾಷೆಯನ್ನು. ಎತ್ತು ಎಡವಿದರೆ ಅವನ ಎದೆ ಧಸಕ್ಕೆನ್ನುತ್ತದೆ, ನಮ್ಮ ಗುಂಪಿನಲ್ಲಿ ನಗೆಯೇಳುತ್ತದೆ. ದಯೆಯ ಪಾಠ ಮೊದಲು ಬೇಕಾದದ್ದು ಯಾರಿಗೆ?

ಕಾನೂನನ್ನು ನೆಚ್ಚಿ ಕೂರುವಂತೆಯೂ ಇಲ್ಲ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನ ಬಂಡಿಯ ಓಟಗಳು ಕೂಡದೆಂದಿತು. 2017ರಲ್ಲಿ ಕರ್ನಾಟಕವು ಕಂಬಳಕ್ಕೂ ಎತ್ತಿನ ಓಟಕ್ಕೂ ಎಡೆಯಾಗುವಂತೆ ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷಗಳಲ್ಲಿ ಬದಲಾದದ್ದು ಕಾನೂನು, ಎತ್ತಿನ ನೋವಲ್ಲ. ಏನು ನಡೆಯಬಹುದೆಂದು ಕಾನೂನು ಹೇಳೀತು. ಯಾವುದನ್ನು ನೋಡಿ ಸಂತೋಷಪಡಬೇಕೆಂದು ಅದು ಹೇಳಲಾರದು.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಅಶೋಕನ ಹೆಸರನ್ನೇ ಹೇಳುವುದರಿಂದ ಲೋಕಪ್ರಸಿದ್ಧವಾಯಿತು. ಗಿರ್ನಾರಿನಲ್ಲಿಯೂ ಕರ್ನೂಲಿನ ಕಡೆಯ ಎರ್ರಗುಡಿಯಲ್ಲಿಯೂ ಇರುವ ಅವನ ಇನ್ನೊಂದು ಶಾಸನದಲ್ಲಿ ಜನ ನೆರೆಯುವ ಉತ್ಸವಗಳ ಮಾತು ಬರುತ್ತದೆ. ಅವುಗಳಲ್ಲಿ ಬಹಳ ದೋಷ ಕಂಡು ದೊರೆ ಅವನ್ನು ಬೇಡವೆಂದ. ಹಾಗೆಂದವನೇ, ಕೆಲವು ಉತ್ಸವಗಳು ತನಗೆ ಒಳ್ಳೆಯವೆಂದು ತೋರುತ್ತವೆ ಎಂದೂ ಸೇರಿಸಿದ. ಆ ಎರಡನೆಯ ಮಾತಿನಲ್ಲಿ ದೊಡ್ಡ ವಿವೇಕವಿದೆ. ನೋಟವೆಲ್ಲ ಕೆಟ್ಟದ್ದಲ್ಲ, ಆರಿಸಬೇಕು.

ಆರಿಸುವುದು ಹೇಗೆ? ಒಂದು ಒರೆಗಲ್ಲನ್ನು ಹೀಗೆ ಇಟ್ಟುಕೊಳ್ಳಬಹುದು. ಸುತ್ತಲಿನ ಕೂಗೆಲ್ಲ ನಿಂತು, ನೀವೊಬ್ಬರೇ ಆ ಅಂಗಳದಲ್ಲಿ ಉಳಿದಿದ್ದೀರಿ ಎಂದುಕೊಳ್ಳಿ. ಎದುರಿಗೆ ನೊರೆ ಸುರಿಸುತ್ತ ನಿಂತ ಜೋಡಿ. ಅದರ ಕಣ್ಣು ನಿಮ್ಮ ಕಡೆಗೆ. “ಇನ್ನಷ್ಟು ಎಳೆ” ಎಂದು ನಿಮ್ಮೊಬ್ಬರ ದನಿಯಲ್ಲಿ ಹೇಳಬಲ್ಲಿರಾದರೆ ಆ ಸಂತೋಷ ನಿಮ್ಮದು. ಹೇಳಲಾರದೆ ಹೋದರೆ, ಗುಂಪಿನಲ್ಲಿ ನಿಂತು ಹೇಳಿದ್ದೂ ನೀವೇ ಎಂಬುದನ್ನು ಮರೆಯುವಂತಿಲ್ಲ.