ವಕೀಲನನ್ನು ಹಿಡಿಯುವದು ಹಗೆಯೋ?

ನಮ್ಮ ಹಳ್ಳಿಗಳಲ್ಲಿ ಒಬ್ಬನು ವಕೀಲನ ಮನೆಯ ಮೆಟ್ಟಲು ಹತ್ತಿದನೆಂಬ ಸುದ್ದಿ ಹಬ್ಬಿದರೆ ಸಾಕು, ಅವನು ಜಗಳಗಂಟನು, ಊರಿನ ಸಮಾಧಾನವನ್ನು ಕೆಡಿಸುವವನು ಎಂದು ಹೇಳುವವರು ನಾಲ್ಕು ಕಡೆಯಿಂದಲೂ ಏಳುವರು. ಪೆಟ್ಟು ತಿಂದವನು ಪೆಟ್ಟು ಕೊಟ್ಟವನಿಗಿಂತ ಹೆಚ್ಚಾಗಿ ನಾಚಿಕೆಪಡಬೇಕಾಗುವ ಈ ಪದ್ಧತಿಯನ್ನು ನಾವು ಬಹು ಕಾಲದಿಂದ ನೋಡುತ್ತ ಬಂದಿದ್ದೇವೆ. ಕೋರ್ಟು ಕಛೇರಿಗಳ ವಿಷಯದಲ್ಲಿ ಹಳ್ಳಿಯವರಿಗಿರುವ ಭಯವು ಸುಮ್ಮನೆ ಹುಟ್ಟಿದ್ದಲ್ಲ. ವ್ಯಾಜ್ಯಕ್ಕೆ ಬಿದ್ದು ಗದ್ದೆ ತೋಟಗಳನ್ನು ಕಳಕೊಂಡವರ ಕಥೆ ಪ್ರತಿ ಊರಿನಲ್ಲಿಯೂ ಉಂಟು. ಆದರೂ ಗದ್ದೆಯ ಅಂಚಿಗೋಸ್ಕರ ಹೂಡುವ ವ್ಯಾಜ್ಯ ಬೇರೆ, ಮನುಷ್ಯನೆಂಬ ಮಾನಕ್ಕೆ ತಗಲಿದ ಪೆಟ್ಟಿಗೋಸ್ಕರ ಕೇಳುವ ನ್ಯಾಯ ಬೇರೆ. ಈ ಎರಡನೆಯದನ್ನು ಕುರಿತು ಸ್ವಲ್ಪ ವಿಚಾರಿಸೋಣ.

2025ನೇ ಮಾರ್ಚ್ 18ರಂದು ಮಲ್ಪೆಯ ಬಂದರಿನಲ್ಲಿ ನಡೆದ ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿದದ್ದೇ. ಉತ್ತರ ಕರ್ನಾಟಕದ ಕಡೆಯಿಂದ ಕೂಲಿಗಾಗಿ ಬಂದಿದ್ದ ಪರಿಶಿಷ್ಟ ಜಾತಿಯ ಒಬ್ಬ ಹೆಂಗಸು ಮೀನು ಕದ್ದಳೆಂಬ ಆರೋಪದ ಮೇಲೆ ಮರಕ್ಕೆ ಕಟ್ಟಲ್ಪಟ್ಟು ಹೊಡೆಸಿಕೊಂಡಳು. ಸುತ್ತಲೂ ಜನರು ನೋಡುತ್ತ ನಿಂತಿದ್ದರು. ಯಾರೋ ಒಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದದರಿಂದ ಆ ದೃಶ್ಯವು ರಾಜ್ಯವೆಲ್ಲಾ ಹಬ್ಬಿತು, ಮುಖ್ಯಮಂತ್ರಿಗಳು ಖಂಡಿಸಿದರು, ಪೊಲೀಸರು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಣ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಯ ಪ್ರಕಾರವೂ ಮೊಕದ್ದಮೆ ದಾಖಲಿಸಿ ಕೆಲವರನ್ನು ಹಿಡಿದರು. ಹಿಡಿಯಲ್ಪಟ್ಟವರಲ್ಲಿ ಹೆಂಗಸರೂ ಇದ್ದರು. ಕೆಲವು ದಿನಗಳೊಳಗೆ ಮೀನುಗಾರರು ಒಟ್ಟುಗೂಡಿ ತಮ್ಮವರನ್ನು ಬಿಡಬೇಕೆಂದು ಪ್ರತಿಭಟನೆ ಮಾಡಿದರು. ಎರಡು ಕಡೆಯವರೂ ರಾಜಿಯಾಗಿ ಹೋದರೆ ಒಳ್ಳೆಯದಲ್ಲವೇ ಎಂಬ ಮಾತೂ ಕೇಳಬಂತು.

ಆ ಮಾತನ್ನು ನಾವು ತಟ್ಟನೆ ತಳ್ಳಿಬಿಡಲಾರೆವು. ಕಟ್ಟಿದವರೆಂದು ಹೇಳಲ್ಪಟ್ಟವರೂ ಬೆಳಗಿನ ಜಾವದಿಂದ ಬುಟ್ಟಿ ಹೊತ್ತು ದುಡಿಯುವ ಜನರೇ. ಬಡವರ ಸಿಟ್ಟು ಬಡವರ ಮೇಲೆಯೇ ಬೀಳುವದು ಹೊಸ ಸಂಗತಿಯಲ್ಲ. ಅಂಥವರ ಮನೆಯವರು ಸೆರೆಯಲ್ಲಿರುವಾಗ ಮಕ್ಕಳು ಅಳುವದನ್ನು ಕೇಳಿ ಯಾರ ಕರುಳು ಕರಗದು? ಆದರೆ ಇಲ್ಲಿ ಒಂದು ಪ್ರಶ್ನೆ ಉಂಟು. ರಾಜಿ ಎಂಬ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಹೆಂಗಸು ನಾಳೆ ಬೆಳಿಗ್ಗೆ ಅದೇ ಬಂದರಿನಲ್ಲಿ ಅದೇ ಜನರ ಬಳಿಯಲ್ಲಿ ಕೂಲಿ ಕೇಳಬೇಕಾದವಳಾಗಿದ್ದರೆ, ಅವಳು ಕೊಟ್ಟದ್ದು ಕ್ಷಮೆಯೋ, ಭಯವೋ?

ಯಾವನಿಗೆ ಇಲ್ಲವೆನ್ನುವ ಶಕ್ತಿ ಉಂಟೋ ಅವನ ಹೌದು ಎಂಬ ಮಾತಿಗೆ ಬೆಲೆ ಉಂಟು. ದಂಡಿಸುವ ದಾರಿ ತನ್ನ ಮುಂದೆ ತೆರೆದಿದ್ದರೂ ಅದರಲ್ಲಿ ಹೋಗದೆ ಕೈ ನೀಡುವವನು ಕ್ಷಮಿಸಿದನೆಂದು ಹೇಳಬಹುದು. ಯಾವ ದಾರಿಯೂ ಇಲ್ಲದೆ ಸುಮ್ಮನಾದವನು ಕ್ಷಮಿಸಿದ್ದಲ್ಲ, ಸೋತದ್ದು. ಅವನ ಸೋಲಿಗೆ ನಾವು ಸದ್ಗುಣವೆಂಬ ಹೆಸರಿಟ್ಟು ಹೊಗಳುವದು ಅವನಿಗೆ ಮಾಡುವ ಎರಡನೆಯ ಅನ್ಯಾಯವಾಗಿದೆ. ಹೀಗಿರಲಾಗಿ ಬಲಹೀನನ ಪಕ್ಕದಲ್ಲಿ ಕಾಯಿದೆ ಬಲ್ಲವನೊಬ್ಬನು ನಿಲ್ಲುವದರಿಂದ ಸಮಾಧಾನವು ಕೆಡುವದಿಲ್ಲ. ಸಮಾಧಾನವನ್ನು ಮನಃಪೂರ್ವಕವಾಗಿ ಕೊಡುವದಕ್ಕೂ ಕೊಡದಿರುವದಕ್ಕೂ ಅವನಿಗೆ ಸ್ವಾತಂತ್ರ್ಯ ಹುಟ್ಟುತ್ತದೆ.

ಸಭೆಯ ಹಿರಿಯರು ಕೆಲವರು ಇಲ್ಲಿ ಪೌಲನ ಹೆಸರನ್ನೆತ್ತುವರು. ಸಹೋದರರು ಸಹೋದರರ ಮೇಲೆ ವ್ಯಾಜ್ಯಕ್ಕೆ ಹೋಗುವದನ್ನು ಅವನು ಕೊರಿಂಥದವರಿಗೆ ಬರೆದು ಗದರಿಸಲಿಲ್ಲವೋ ಎಂದು ಕೇಳುವರು. ಗದರಿಸಿದನು, ನಿಜ. ಆದರೆ ಅದೇ ಪೌಲನು ಫಿಲಿಪ್ಪಿಯ ಸೆರೆಮನೆಯಿಂದ ಕದ್ದುಮುಚ್ಚಿ ಹೊರಟು ಹೋಗಲು ಒಪ್ಪದೆ, ತನ್ನನ್ನು ವಿಚಾರಣೆಯಿಲ್ಲದೆ ಹೊಡಿಸಿದ ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದು ಕೂತನು. ಯೆರೂಸಲೇಮಿನಲ್ಲಿ ಕೊರಡೆಯ ಮುಂದೆ ತನ್ನ ರೋಮಾಪುರದ ಹಕ್ಕನ್ನು ಹೇಳಿದನು. ಕೊನೆಗೆ ಕೈಸರನಿಗೆ ಅಪ್ಪೀಲು ಮಾಡಿದನು. ಅವನಿಗೆ ಕಾಯಿದೆ ಗೊತ್ತಿತ್ತು, ಬಾಯಿ ಇತ್ತು, ವಕೀಲನು ಬೇಕಾಗಲಿಲ್ಲ. ನಮ್ಮಲ್ಲಿ ಬಹು ಮಂದಿಗೆ ಆ ಎರಡೂ ಇಲ್ಲ.

ಸರಕಾರವೇ ಮೊಕದ್ದಮೆ ನಡಿಸುವಾಗ, ಸರಕಾರಿ ವಕೀಲರೂ ಇರುವಾಗ, ಫಿರ್ಯಾದಿಗೆ ಬೇರೆ ವಕೀಲನು ಯಾಕೆ ಎಂದು ಕೇಳುವವರುಂಟು. ಸರಕಾರಿ ವಕೀಲರು ಸರಕಾರದ ಪಕ್ಷವಾಗಿ ವಾದಿಸುವವರು. ಅವರ ಮೇಜಿನ ಮೇಲೆ ನೂರಾರು ಕಡತಗಳು ಇರುವವು. ಆದದರಿಂದ ನ್ಯಾಯಾಲಯದ ಅಪ್ಪಣೆ ಪಡೆದು, ಅವರಿಗೆ ಸಹಾಯಕನಾಗಿ ಪೀಡಿತನು ತನಗೆ ಬೇಕಾದ ವಕೀಲನನ್ನು ನೇಮಿಸಿಕೊಳ್ಳುವದಕ್ಕೆ ಕಾಯಿದೆಯಲ್ಲಿ ಆಸ್ಪದವುಂಟು. ದೌರ್ಜನ್ಯ ತಡೆಯುವ ಕಾಯಿದೆಗೆ 2016ನೇ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಆರೋಪಿಯು ಜಾಮೀನು ಕೇಳುವ ವಿಚಾರಣೆಯ ದಿನವನ್ನು ಪೀಡಿತನಿಗೆ ಮುಂಚಿತವಾಗಿ ತಿಳಿಸಬೇಕು, ಅವನ ಮಾತನ್ನು ಕೇಳಬೇಕು ಎಂದು ವಿಧಿಸಿದೆ; ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ, ತಪ್ಪಿಸಕೂಡದ ಕರ್ತವ್ಯ ಎಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪು ಕೊಟ್ಟಿತು. ಆದರೆ ಹೀಗೊಂದು ಹಕ್ಕು ಇದೆಯೆಂದು ಕೂಲಿಯ ಹೆಂಗಸಿಗೆ ಹೇಳುವವರು ಯಾರು?

ಇನ್ನೊಂದು ಅಪಾಯವೂ ಉಂಟು. ಮಲ್ಪೆಗೆ ಉತ್ತರದಲ್ಲಿರುವ ಕೋಟತಟ್ಟಿನಲ್ಲಿ 2021ನೇ ದಶಂಬರ್ 27ರ ರಾತ್ರಿ ಕೊರಗರ ಮನೆಯೊಂದರಲ್ಲಿ ಮದುವೆಯ ಮೆಹಂದಿ ನಡೆಯುತ್ತಿದ್ದಾಗ ಪೊಲೀಸರು ನುಗ್ಗಿ ಲಾಠಿ ಬೀಸಿದರೆಂಬ ದೂರು ಹುಟ್ಟಿತು; ಠಾಣೆಯ ಸಬ್ ಇನ್‌ಸ್ಪೆಕ್ಟರನು ಅಮಾನತಾದನು. ಆದರೆ ಪೆಟ್ಟು ತಿಂದೆವೆಂದು ಹೇಳಿದ ಕೊರಗರ ಮೇಲೆಯೂ, ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆಂದು ಮೊಕದ್ದಮೆ ದಾಖಲಾಯಿತು. ನ್ಯಾಯ ಕೇಳಲು ಹೋದವನೇ ಆರೋಪಿಯಾಗಿ ನಿಲ್ಲುವದು ಹೀಗೆ. ಅಂಥ ಹೊತ್ತಿನಲ್ಲಿ ನೆರೆಯವರ ಕನಿಕರವು ಸಾಲದು.

ನಮ್ಮ ಸೀಮೆಯಲ್ಲಿ ಇಂಥ ವಕೀಲರು ಹುಟ್ಟಲೇ ಇಲ್ಲವೆಂದು ಹೇಳಕೂಡದು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದರು. ಸಾರಸ್ವತ ಬ್ರಾಹ್ಮಣರಾಗಿ ಹುಟ್ಟಿದ ಇವರು ಅಸ್ಪೃಶ್ಯರೆನಿಸಿಕೊಂಡವರ ಪಕ್ಷವನ್ನು ಹಿಡಿದದರಿಂದ ಸ್ವಂತ ಜಾತಿಯವರ ತಿರಸ್ಕಾರಕ್ಕೆ ಗುರಿಯಾದರು. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಕಟ್ಟಿ ಆ ಮಕ್ಕಳಿಗೆ ಶಾಲೆಗಳನ್ನೂ ಕೈಕಸಬನ್ನೂ ವಾಸಕ್ಕೆ ನೆಲವನ್ನೂ ಒದಗಿಸುವದರಲ್ಲಿ 1928ರಲ್ಲಿ ತೀರಿಹೋಗುವ ವರೆಗೂ ದುಡಿದರು. ನಮಗೆ ಇದರಲ್ಲಿ ಹೆಚ್ಚು ಮೆಚ್ಚಿಕೆಯಾಗುವದು ಏನಂದರೆ, ಬಡವನ ಪರವಾಗಿ ತಾನು ಮಾತಾಡಿದರೆ ಸಾಕೆಂದು ಆ ವಕೀಲರು ನೆನಸಲಿಲ್ಲ. ಬಡವನ ಮಗನೇ ಓದಿ ಮಾತಾಡುವ ಹಾಗೆ ಮಾಡಲು ಹೊರಟರು. ತನ್ನ ಕಕ್ಷಿಗಾರನನ್ನು ಎಂದೆಂದಿಗೂ ತನ್ನ ಬಾಗಲಲ್ಲಿಯೇ ಕಾಯಿಸಬೇಕೆಂದಿರುವ ವಕೀಲನಿಗೂ ಇಂಥವನಿಗೂ ಬಹಳ ಅಂತರ.

ಹಣವಿಲ್ಲದವನು ವಕೀಲನನ್ನು ಹೇಗೆ ಹಿಡಿಯಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರಿಗೂ, ಹೆಂಗಸರಿಗೂ, ಮಕ್ಕಳಿಗೂ, ಅಂಗವಿಕಲರಿಗೂ, ಬಂಧನದಲ್ಲಿರುವವರಿಗೂ, ಗೊತ್ತುಮಾಡಿದ ಮಿತಿಗಿಂತ ಕಡಿಮೆ ವರಮಾನವುಳ್ಳವರಿಗೂ ಧರ್ಮಾರ್ಥವಾಗಿ ವಕೀಲನು ಕೊಡಲ್ಪಡಬೇಕು. ಹೆಂಗಸಾದರೆ ಅವಳ ವರಮಾನವನ್ನು ಕೇಳುವಂತಿಲ್ಲ. ಇದಕ್ಕಾಗಿ ಉಡುಪಿಯ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರವೂ, ಕಾರ್ಕಳ ಕುಂದಾಪುರಗಳಲ್ಲಿ ತಾಲೂಕು ಸಮಿತಿಗಳೂ ಇವೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಸ್ವಂತ ಖರ್ಚಿನಿಂದ ವಕೀಲನನ್ನು ಗೊತ್ತುಮಾಡುವವರು ಒಂದು ಮಾತನ್ನು ನೆನಪಿಡಬೇಕು: ಗೆದ್ದು ಬಂದ ಹಣದಲ್ಲಿ ಇಷ್ಟು ಪಾಲು ನನಗೆ ಎಂದು ವಕೀಲನು ಗೊತ್ತುಮಾಡಿಕೊಳ್ಳುವದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸುತ್ತದೆ. ವಕಾಲತ್ತು ಕಾಗದವನ್ನು ಓದಿಸಿ ಕೇಳದೆ ರುಜು ಹಾಕಬೇಡಿರಿ. ಠಾಣೆಯಲ್ಲಿ ದಾಖಲಾದ ದೂರಿನ ಪ್ರತಿಯನ್ನು ಕ್ರಯವಿಲ್ಲದೆ ಕೇಳಿ ತಕ್ಕೊಳ್ಳಿರಿ.

ನಮ್ಮ ಸಭೆಯವರಿಗೆ ಹೇಳಲೇಬೇಕಾದ ಒಂದು ಕಹಿ ಸಂಗತಿಯುಂಟು. 1950ರ ರಾಷ್ಟ್ರಪತಿಯವರ ಆಜ್ಞೆಯ ಪ್ರಕಾರ ಹಿಂದೂಗಳೂ, 1956ರಿಂದ ಸಿಖ್ಖರೂ, 1990ರಿಂದ ಬೌದ್ಧರೂ ಮಾತ್ರ ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುತ್ತಾರೆ. ಆದದರಿಂದ ಆ ಜಾತಿಗಳಿಂದ ಕ್ರೈಸ್ತರಾದವರು ಹಳೇ ಹೆಸರಿನಿಂದಲೇ ಬೈಸಿಕೊಂಡು ಹೊಡೆಸಿಕೊಂಡರೂ ಆ 1989ರ ಕಾಯಿದೆಯ ಆಶ್ರಯವನ್ನು ಹೊಂದಲಾರರು. ಕೊರಗರಂಥ ಪರಿಶಿಷ್ಟ ಪಂಗಡದವರಿಗೆ ಮತದ ಈ ಷರತ್ತು ಇಲ್ಲ. ಇದು ನ್ಯಾಯವೋ ಎಂಬದು ದೊಡ್ಡ ಚರ್ಚೆ. ಪೆಟ್ಟು ತಿಂದ ದಿನ ಆ ಚರ್ಚೆಯಿಂದ ಗಾಯ ಮಾಯದು. ಕಟ್ಟಿಹಾಕುವದೂ ಹೊಡೆಯುವದೂ ಯಾರ ಮೇಲೆ ನಡೆದರೂ ಸಾಧಾರಣ ಕಾಯಿದೆಯ ಪ್ರಕಾರ ಅಪರಾಧವೇ ಆಗಿವೆ. ಯಾವ ಕಾಯಿದೆಯ ಯಾವ ಕಲಮಿನಿಂದ ದೂರು ಕೊಡಬೇಕೆಂದು ಮೊದಲನೆಯ ದಿನವೇ ಕಾಯಿದೆ ಬಲ್ಲವನನ್ನು ಕೇಳದೆ ಹೋದರೆ ದೂರಿನ ತಳಪಾಯವೇ ವಾಲೀತು.

ಬಂದರಿನಲ್ಲಿ ಹಿಡಿಯಲ್ಪಟ್ಟ ಆ ಹೆಂಗಸರಿಗೂ ವಕೀಲನು ಬೇಕು ಎಂಬದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹಿಡಿಯಲ್ಪಟ್ಟವನು ತನಗೆ ಬೇಕಾದ ವಕೀಲನ ಆಲೋಚನೆಯನ್ನು ಕೇಳುವ ಹಕ್ಕು ಸಂವಿಧಾನದ 22ನೇ ಅನುಚ್ಛೇದದಲ್ಲಿಯೇ ಉಂಟು. ಹೊಡೆಸಿಕೊಂಡವಳ ಪಕ್ಷದವರು ಆರೋಪಿಗಳ ವಕೀಲನನ್ನು ಶಪಿಸುವದೂ, ಆರೋಪಿಗಳ ಪಕ್ಷದವರು ಅವಳ ವಕೀಲನನ್ನು ಹಣದಾಸೆಯವನೆಂದು ದೂರುವದೂ ಒಂದೇ ತೆರದ ಮಂದಬುದ್ಧಿ. ಎರಡು ಕಡೆಗೂ ಬಾಯಿ ಸಿಕ್ಕಿದ ಮೇಲೆ ಬರುವ ರಾಜಿಯಾಗಲಿ ತೀರ್ಪಾಗಲಿ, ಗುಂಪಿನ ಗದ್ದಲದಲ್ಲಿ ಬಂದದ್ದಕ್ಕಿಂತ ಗಟ್ಟಿಯಾಗಿರುವದು.

ಕೊನೆಗೆ ಒಂದು ಸಣ್ಣ ಸಂಗತಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದು. ಆ 61 ದಿನಗಳಲ್ಲಿ ಬಂದರಿಗೆ ಕೂಲಿಗೆ ಬಂದವರು ಗಂಟು ಕಟ್ಟಿಕೊಂಡು ಘಟ್ಟ ಹತ್ತಿ ತಮ್ಮ ಊರುಗಳಿಗೆ ಹೋಗುವರು; ಆದರೆ ನ್ಯಾಯಾಲಯವು ಉಡುಪಿಯಲ್ಲಿ ತೆರೆದೇ ಇರುವದು. ಸಾಕ್ಷಿ ಹೇಳಬೇಕಾದ ದಿನವು ಆ ಮಳೆಗಾಲದಲ್ಲಿ ಬಂದು, ಸಮನ್ಸು ಹಳೇ ಬಾಡಿಗೆ ಕೋಣೆಯ ಬಾಗಲಲ್ಲಿ ಬಿದ್ದು ಒದ್ದೆಯಾದರೆ, ಫಿರ್ಯಾದಿಯು ಗೈರುಹಾಜರೆಂದು ಕಡತದಲ್ಲಿ ಬರೆಯಲ್ಪಡುವದು. ಅವಳ ಊರಿನ ವಿಳಾಸವನ್ನೂ ಫೋನಿನ ಸಂಖ್ಯೆಯನ್ನೂ ಬರೆದಿಟ್ಟುಕೊಂಡು, ತಾರೀಕನ್ನು ವಾರದ ಮುಂಚೆ ತಿಳಿಸಿ, ಬಸ್ಸಿನ ಖರ್ಚಿಗೆ ಅರ್ಜಿ ಹಾಕುವವನೊಬ್ಬನು ಬೇಕು.