ಪಲ್ಪ್ ಕಥೆಗೆ ಕರ್ತೃ ಯಾರು?

ಮೀಮಾಂಸಕರು ಯಾವ ಅಧಿಕರಣ, ಅಂದರೆ ಚರ್ಚೆ, ಎತ್ತಿಕೊಂಡರೂ ಮೊದಲು ವಿಷಯ ಹೇಳುತ್ತಾರೆ. ಇಲ್ಲಿ ವಿಷಯ ಅಮೆರಿಕದ ಪಲ್ಪ್ ಪತ್ರಿಕೆ. 1896ರಲ್ಲಿ ಫ್ರಾಂಕ್ ಮನ್ಸಿ ತನ್ನ ‘ಆರ್ಗಸಿ’ಯನ್ನು ಬರೀ ಕಥೆಗಳ ಪತ್ರಿಕೆಯಾಗಿ ಮಾಡಿ, ಮರದ ತಿರುಳಿನ ಅಗ್ಗದ ಕಾಗದದ ಮೇಲೆ ಅಚ್ಚು ಹಾಕಿಸಿದ. ಆಮೇಲೆ ಸುಮಾರು ಅರ್ಧ ಶತಮಾನ ಪತ್ತೇದಾರಿ, ಭೂತಪ್ರೇತ, ವಿಜ್ಞಾನದ ಕಥೆಗಳೆಲ್ಲ ಇದೇ ಕಾಗದದಲ್ಲಿ ಬೆಳೆದವು. ಅದರ ಅಂಚನ್ನು ಒಪ್ಪವಾಗಿ ಕತ್ತರಿಸುವ ಖರ್ಚನ್ನೂ ಎಷ್ಟೋ ಪ್ರಕಾಶಕರು ಉಳಿಸಿಕೊಳ್ಳುತ್ತಿದ್ದರು. ವರ್ಷಗಳು ಕಳೆದಂತೆ ಪುಟ ಕಂದಾಗುತ್ತದೆ. ಮಗುಚಲು ಹೋದರೆ ಹಪ್ಪಳದ ಚೂರಿನಂತೆ ಬೆರಳಿಗೆ ಉದುರುತ್ತದೆ. ಹೊರಗಿನ ಮುಖಪುಟ ಮಾತ್ರ ನುಣುಪು, ಕಣ್ಣು ಕುಕ್ಕುವ ಬಣ್ಣ.

ಸಂಶಯ ಇದು. ಇಂಥ ಪತ್ರಿಕೆಯ ಕಥೆಗೆ ಕರ್ತೃ ಲೇಖಕನೊಬ್ಬನೇ, ಅಥವಾ ಮುಖಪುಟ ಬರೆದ ಕಲಾವಿದರೂ ಸಂಪಾದಕರೂ ಕರ್ತೃಗಳೇ?

ಪೂರ್ವಪಕ್ಷ, ಅಂದರೆ ಲೇಖಕನೊಬ್ಬನೇ ಕರ್ತೃ ಎನ್ನುವವರ ಮಾತು, ಬಲವಾಗಿದೆ. ಡ್ಯಾಶಿಯೆಲ್ ಹ್ಯಾಮೆಟ್‌ನ ‘ದಿ ಮಾಲ್ಟೀಸ್ ಫಾಲ್ಕನ್’ 1929ರ ಸೆಪ್ಟೆಂಬರಿನಿಂದ 1930ರ ಜನವರಿಯವರೆಗೆ ‘ಬ್ಲ್ಯಾಕ್ ಮಾಸ್ಕ್’ನಲ್ಲಿ ಧಾರಾವಾಹಿಯಾಗಿ ಬಂತು. 1930ರಲ್ಲೇ ಪುಸ್ತಕವಾಯಿತು. ಪತ್ರಿಕೆಯ ಮುಖಪುಟ ಹೋಯಿತು, ಸಂಪಾದಕ ಜೋಸೆಫ್ ಶಾ ಹೆಸರೂ ಹೋಯಿತು, ಕಾದಂಬರಿ ಮಾತ್ರ ಇಂದಿಗೂ ಓದಿಸಿಕೊಳ್ಳುತ್ತಿದೆ. ಬಿಟ್ಟರೂ ನಷ್ಟವಾಗದ್ದು ಹೊದಿಕೆಯಷ್ಟೇ, ಕರ್ತೃವಲ್ಲ ಎಂಬುದು ಅವರ ವಾದ.

ಇದಕ್ಕೆ ಉತ್ತರ ಹೇಳುವ ಮೊದಲು ಕರ್ತೃವಿಗೊಂದು ಲಕ್ಷಣ ಬೇಕು. ಯಾರ ತೀರ್ಮಾನದ ಗುರುತು ಕೃತಿಯ ಒಳಗೇ ಉಳಿದಿದೆಯೋ ಅವರು ಕರ್ತೃ. ಹೀಗೆಂದರೆ ಅಚ್ಚುಮೊಳೆ ಜೋಡಿಸಿದವನೂ ಕಾಗದ ಮಾರಿದವನೂ ಕರ್ತೃಗಳೇ ಎಂಬ ಅತಿವ್ಯಾಪ್ತಿ ಬರುವುದಿಲ್ಲ. ಅವರಿಲ್ಲದೆ ಪತ್ರಿಕೆ ಹೊರಡುತ್ತಿರಲಿಲ್ಲ, ನಿಜ. ಆದರೆ ಅವರ ಜಾಗಕ್ಕೆ ಬೇರೆಯವರು ಬಂದಿದ್ದರೂ ಕಥೆಯಲ್ಲಿ ಒಂದು ಮಾತೂ ಬದಲಾಗುತ್ತಿರಲಿಲ್ಲ.

ಈಗ ಪರೀಕ್ಷೆ. 1931ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆ ‘ದಿ ಶ್ಯಾಡೋ’ ಎಂಬ ಪತ್ರಿಕೆ ಹೊರಡಿಸಲು ಮುಂದಾಯಿತು. ಕಥೆ ಬರೆಯಬೇಕಿದ್ದವರು ವಾಲ್ಟರ್ ಗಿಬ್ಸನ್. ಮುಖಪುಟಕ್ಕೆ ಹೊಸ ಚಿತ್ರ ಬರೆಸುವ ಬದಲು ಸಂಸ್ಥೆ ತನ್ನ ಹಳೆಯ ದಾಸ್ತಾನಿನಿಂದ ಒಂದನ್ನು ತೆಗೆಯಿತು. ಅದರಲ್ಲಿ ಒಬ್ಬ ಚೀನೀಯ, ಗೋಡೆಯ ಮೇಲೆ ಅವನ ನೆರಳು. ನೆರಳೇನೋ ಪತ್ರಿಕೆಯ ಹೆಸರಿಗೆ ಹೊಂದುತ್ತಿತ್ತು, ಆದರೆ ಕಥೆಯಲ್ಲಿ ಚೀನೀಯನೇ ಇರಲಿಲ್ಲ. ಗಿಬ್ಸನ್ ಕಥೆಯನ್ನು ಚೀನೀಯರ ಬೀದಿಗೆ ತಿರುಗಿಸಿದರು. ಎಂದೋ ಯಾವುದೋ ಬೇರೆ ಕೆಲಸಕ್ಕೆ ಬರೆದ ಚಿತ್ರವೊಂದು ಒಂದು ಪಾತ್ರವನ್ನೂ ಒಂದು ಕೇರಿಯನ್ನೂ ಕಥೆಯೊಳಗೆ ತಂದಿತು. ಕೃತಿಯೊಳಗಿನ ಗುರುತು ಎಂದರೆ ಇದೇ. ಇನ್ನೊಂದು ಮಾತು: ಗಿಬ್ಸನ್ ಈ ಸರಣಿಗೆ 282 ಕಾದಂಬರಿ ಬರೆದರು, ಅವು ಅಚ್ಚಾದದ್ದು ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಗುಪ್ತನಾಮದಲ್ಲಿ. ಲೇಖಕನೊಬ್ಬನೇ ಕರ್ತೃ ಎನ್ನುವವರು ಆ ಲೇಖಕನಿಗಾದರೂ ನ್ಯಾಯ ದೊರಕಿತೇ ಎಂದು ಕೇಳಿಕೊಳ್ಳಬೇಕು.

ಸಂಪಾದಕರ ವಿಷಯದಲ್ಲಿ ಸಾಕ್ಷಿ ಇನ್ನೂ ಸ್ಪಷ್ಟ. ‘ಅಸ್ಟೌಂಡಿಂಗ್’ ಎಂಬ ವಿಜ್ಞಾನಕಥೆಗಳ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್, ನಕ್ಷತ್ರಗಳು ಸಾವಿರ ವರ್ಷಕ್ಕೊಮ್ಮೆ ಮಾತ್ರ ಕಂಡರೆ ಮನುಷ್ಯರಿಗೆ ಏನಾದೀತು ಎಂಬ ಪ್ರಶ್ನೆಯನ್ನು ಎಮರ್ಸನ್ನನ ಮಾತೊಂದರಿಂದ ಎತ್ತಿ, ಐಸಾಕ್ ಅಸಿಮೋವ್ ಎಂಬ ಹುಡುಗನ ಮುಂದಿಟ್ಟರು. 1941ರಲ್ಲಿ, ಆ ಪ್ರಶ್ನೆಯಿಂದ ಹುಟ್ಟಿದ ‘ನೈಟ್‌ಫಾಲ್’ ಅಚ್ಚಾದಾಗ ಕೊನೆಯ ಭಾಗದಲ್ಲಿ ಅಸಿಮೋವ್ ಬರೆಯದ ಒಂದು ಪ್ಯಾರಾ ಇತ್ತು, ಅದನ್ನು ಸೇರಿಸಿದ್ದು ಕ್ಯಾಂಪ್‌ಬೆಲ್. ಆ ಸೇರ್ಪಡೆ ಅಸಿಮೋವ್‌ಗೆ ಹಿಡಿಸಲಿಲ್ಲ. ಅಸಿಮೋವ್ ಕಥೆಗಳಲ್ಲಿ ರೋಬಾಟುಗಳು ಪಾಲಿಸುವ ಮೂರು ನಿಯಮಗಳ ವಿಷಯ ಇದಕ್ಕೆ ತಿರುವುಮುರುವು. ಅವುಗಳನ್ನು ರೂಪಿಸಿದ್ದು ಕ್ಯಾಂಪ್‌ಬೆಲ್ ಎಂದು ಅಸಿಮೋವ್, ನಿನ್ನ ಕಥೆಗಳಲ್ಲೇ ಇದ್ದದ್ದನ್ನು ಹೊರಗೆ ತೆಗೆದೆ ಅಷ್ಟೇ ಎಂದು ಕ್ಯಾಂಪ್‌ಬೆಲ್. ಗೆರೆ ಎಳೆಯಲು ಆ ಇಬ್ಬರಿಗೇ ಆಗದ ಕಡೆ ನಾವು ಎಳೆಯುವುದು ಹೇಗೆ?

ಆಕ್ಷೇಪ: ಸಂಪಾದಕರು ಕೆಡಿಸಿದ್ದೂ ಉಂಟಲ್ಲ, ಕೆಡಿಸಿದವರನ್ನು ಕರ್ತೃ ಎನ್ನುವುದೇ? ಉಂಟು. ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಸಂಪಾದಕ ಫಾರ್ನ್ಸ್‌ವರ್ತ್ ರೈಟ್ 1931ರಲ್ಲಿ ಭಯಾನಕ ಕಥೆಗಳ ಲೇಖಕ ಲವ್‌ಕ್ರಾಫ್ಟ್‌ನ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್’ ಅನ್ನು ತಿರಸ್ಕರಿಸಿದರು; ಆ ಪೆಟ್ಟಿನಿಂದ ಲವ್‌ಕ್ರಾಫ್ಟ್ ಚೇತರಿಸಿಕೊಂಡದ್ದು ಕಷ್ಟದಿಂದ. 1936ರಲ್ಲಿ ‘ಅಸ್ಟೌಂಡಿಂಗ್’ ಅದನ್ನು ಅಚ್ಚು ಹಾಕಿತು, ಪ್ಯಾರಾಗಳನ್ನು ತುಂಡು ಮಾಡಿ, ಕೆಲವು ಭಾಗ ಕಿತ್ತು. ಕೋನನ್ ಕಥೆಗಳ ರಾಬರ್ಟ್ ಹೋವರ್ಡ್ 1935ರಲ್ಲಿ ಬರೆದ ಕಾಗದದಲ್ಲಿ ‘ವಿಯರ್ಡ್ ಟೇಲ್ಸ್’ ತನಗೆ 800 ಡಾಲರಿಗೂ ಹೆಚ್ಚು ಬಾಕಿ ಉಳಿಸಿಕೊಂಡಿದೆ ಎಂದಿದ್ದಾನೆ. ಮರುವರ್ಷ, 30ನೆಯ ವಯಸ್ಸಿನಲ್ಲಿ, ಅವನೇ ಇರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ನನ್ನ ಲಕ್ಷಣ ಅಲುಗುವುದಿಲ್ಲ. ಕರ್ತೃತ್ವ ಹೊಗಳಿಕೆಯಲ್ಲ; ಫಲ ಒಳ್ಳೆಯದಿರಲಿ ಕೆಟ್ಟದಿರಲಿ, ಮಾಡಿದವನು ಮಾಡಿದವನೇ. ಲವ್‌ಕ್ರಾಫ್ಟ್‌ನದೇ ‘ದಿ ಕಾಲ್ ಆಫ್ ಕ್ಥುಲ್ಹು’ವನ್ನು ಮೊದಲು ತಿರಸ್ಕರಿಸಿ, ಆಮೇಲೆ ಮನಸ್ಸು ಬದಲಿಸಿ 1928ರಲ್ಲಿ ಅಚ್ಚು ಹಾಕಿದ್ದು ಇದೇ ರೈಟ್. ಪಾರ್ಕಿನ್ಸನ್ ಕಾಯಿಲೆಯ ನಡುವೆಯೂ 1940ರವರೆಗೆ ಪತ್ರಿಕೆಯನ್ನು ನಡೆಸಿದ್ದೂ ಇವರೇ.

ಕಠಿಣವಾದದ್ದು ಮಾರ್ಗರೆಟ್ ಬ್ರಂಡೇಜ್‌ರ ವಿಷಯ. ಷಿಕಾಗೋದ ಈ ಕಲಾವಿದೆ 1932ರಿಂದ 1945ರ ನಡುವೆ ‘ವಿಯರ್ಡ್ ಟೇಲ್ಸ್’ಗೆ 66 ಮುಖಪುಟ ಬರೆದರು, ಒಂದಕ್ಕೆ 90 ಡಾಲರ್. ಸಹಿ ‘ಎಂ. ಬ್ರಂಡೇಜ್’ ಎಂದಿದ್ದುದರಿಂದ ಬರೆಯುವುದು ಹೆಂಗಸು ಎಂಬುದು ಓದುಗರಿಗೆ ಮೊದಮೊದಲು ಗೊತ್ತಿರಲಿಲ್ಲ. ಅವರದು ಎಣ್ಣೆಬಣ್ಣವಲ್ಲ, ಪ್ಯಾಸ್ಟೆಲ್. ಅದು ಸೀಮೆಸುಣ್ಣದಂತೆ ಕಾಗದದ ಮೇಲೆ ಕೂತಿರುತ್ತದೆ, ತಾಗಿದರೆ ಉದುರುತ್ತದೆ. 1938ರಲ್ಲಿ ಪತ್ರಿಕೆ ನ್ಯೂಯಾರ್ಕಿಗೆ ಹೋದಾಗ ಅಂಥ ಚಿತ್ರವನ್ನು ಷಿಕಾಗೋದಿಂದ ಕೆಡದಂತೆ ಕಳಿಸುವುದೇ ತೊಡಕಾಯಿತು. ಅವರ ಮುಖಪುಟಗಳು ವಿರಳವಾದವು. ಇಲ್ಲಿ ಕಥೆ ಮೊದಲು, ಚಿತ್ರ ಆಮೇಲೆ. ಹಾಗಾದರೆ ಕಥೆಯೊಳಗೆ ಅವರ ಗುರುತೆಲ್ಲಿ? ಸೀಬರಿ ಕ್ವಿನ್‌ನಂಥ ಲೇಖಕರು ಬ್ರಂಡೇಜ್ ಬರೆಯಬಹುದಾದ ದೃಶ್ಯವೊಂದನ್ನು ಮುಖಪುಟದ ಆಸೆಯಿಂದಲೇ ಕಥೆಯಲ್ಲಿ ಇಡುತ್ತಿದ್ದರೆಂಬ ಮಾತಿದೆ. ಇದು ಅರ್ಧ ಉತ್ತರ. ಪೂರ್ತಿ ಉತ್ತರಕ್ಕೆ ಕೃತಿ ಎಂದರೆ ಯಾವುದು ಎಂಬುದನ್ನೇ ತಿದ್ದಿಕೊಳ್ಳಬೇಕು. ಹತ್ತೋ ಇಪ್ಪತ್ತೈದೋ ಸೆಂಟು ಕೊಟ್ಟವನು ಕೊಂಡದ್ದು ಕಥೆಯನ್ನಲ್ಲ, ಸಂಚಿಕೆಯನ್ನು.

ಯಕ್ಷಗಾನವನ್ನು ನೋಡಿ. ಪ್ರಸಂಗದ ಪುಸ್ತಕವನ್ನು ಮನೆಯಲ್ಲಿ ಕೂತು ಓದಬಹುದು, ಪದ್ಯಗಳು ಪದ್ಯಗಳೇ. ಹಾಗೆಂದು ನಿನ್ನೆ ರಾತ್ರಿಯ ಆಟದಲ್ಲಿ ಭಾಗವತರದೂ ವೇಷಧಾರಿಗಳದೂ ಪಾಲಿಲ್ಲ ಎಂದು ಯಾರೂ ಹೇಳರು. ಪೂರ್ವಪಕ್ಷದ ‘ಮಾಲ್ಟೀಸ್ ಫಾಲ್ಕನ್’ ಪ್ರಸಂಗದ ಪುಸ್ತಕ. ‘ಬ್ಲ್ಯಾಕ್ ಮಾಸ್ಕ್’ನ ಆ ಐದು ಸಂಚಿಕೆಗಳು ಆಟ. ಸಂಭಾವನೆಯ ಜಗಳದಿಂದ ಪತ್ರಿಕೆ ಬಿಟ್ಟುಹೋಗಿದ್ದ ಹ್ಯಾಮೆಟ್‌ನನ್ನು ಮರಳಿ ಕರೆತಂದದ್ದು ಶಾ. ಹ್ಯಾಮೆಟ್ ತನ್ನ ಮೊದಲ ಕಾದಂಬರಿ ‘ರೆಡ್ ಹಾರ್ವೆಸ್ಟ್’ ಅನ್ನು ಅರ್ಪಿಸಿದ್ದೂ ಶಾಗೇ. ಪೂರ್ವಪಕ್ಷದವರ ಸಾಕ್ಷಿಯೇ ಸಿದ್ಧಾಂತದ ಕಡೆ ನಿಲ್ಲುತ್ತಾನೆ.

ಪ್ರಯೋಜನ: ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡುವವರು ಕಥೆಯ ಪುಟಗಳಿಗೆ ನಿಲ್ಲಿಸಬಾರದು. ಮುಖಪುಟ, ಒಳಚಿತ್ರದ ಮೂಲೆಯ ಸಹಿ, ಸಂಪಾದಕರ ಹೆಸರಿರುವ ಪುಟ, ಓದುಗರ ಪತ್ರಗಳು ಎಲ್ಲವೂ ಸೇರಬೇಕು. ಸೂಚಿಯಲ್ಲಿ ಲೇಖಕರ ಪಕ್ಕದಲ್ಲೇ ಕಲಾವಿದರೂ ಸಂಪಾದಕರೂ ಬರಬೇಕು. ಅಚ್ಚಾದ ಮೇಲೆ ಮೂಲಚಿತ್ರಗಳನ್ನು ಎಷ್ಟೋ ಸಂಸ್ಥೆಗಳು ಬಿಸಾಡಿದವು. ಅಂಥ ಕಡೆ ಕಲಾವಿದರ ಕೈಗೆ ಉಳಿದಿರುವ ಸಾಕ್ಷಿ ಆ ಅಚ್ಚಿನ ಮುಖಪುಟ ಒಂದೇ, ಅದು ಹಿಡಿದುಕೊಂಡಿರುವುದೋ ಉದುರುತ್ತಿರುವ ಕಾಗದವನ್ನು.