ಇಂದಿನ ಧಮ್ಮಚಿಂತನೆ: ಬೇರಿಗೆ ಸಿಗುವ ಆಹಾರ



ಬೇರು ಗಟ್ಟಿಯಾಗಿ ಉಳಿದರೆ ಕಡಿದ ಮರವೂ ಚಿಗುರುತ್ತದೆ, ತಣ್ಹೆಯೂ ಹಾಗೆಯೇ ಎಂದು ಭಗವಾನ್ ಬುದ್ಧರು ಧಮ್ಮಪದದ ತಣ್ಹಾವಗ್ಗದಲ್ಲಿ ಎಚ್ಚರಿಸುತ್ತಾರೆ.

ನಮ್ಮ ಸಾವನದುರ್ಗದ ಬಂಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡ್ಡವಾಗಿಯೇ ಉಳಿಯುತ್ತದೆ. ಅರಳಿಕಟ್ಟೆಯದು ಊರಿಗೇ ನೆರಳಾಗುತ್ತದೆ. ಬೀಜ ಒಂದೇ, ಬೇರಿಗೆ ಸಿಕ್ಕ ಆಹಾರ ಬೇರೆ.

ಮನೆಯೊಳಗೆ ಬೆಳೆಸುವ ರಬ್ಬರ್ ಗಿಡವೂ ಅರಳಿಯ ಕುಲದ್ದೇ. ಈಶಾನ್ಯ ಭಾರತದ ಕಾಡಿನಲ್ಲಿ ಅದು ಹೆಮ್ಮರ. ತೀರಿಕೊಂಡ ನಮ್ಮ ಯಜಮಾನರು ತಂದಿಟ್ಟದ್ದು ಈಗ ಸೂರು ಮುಟ್ಟಿ, ಕಿಟಕಿಯ ಬೆಳಕು ತಡೆದಿದೆ. "ಅಪ್ಪನ ಗಿಡ, ಮುಟ್ಟಬೇಡಮ್ಮ" ಎನ್ನುತ್ತಾನೆ ಮಗ. ತುದಿ ಮಾತ್ರ ಕತ್ತರಿಸಿದರೆ ಕೆಳಗಿನ ಕಣ್ಣುಗಳಿಂದ ಕವಲೊಡೆಯುತ್ತದೆ. ಜೊತೆಗೆ ಕುಂಡದಿಂದ ಎತ್ತಿ, ಸುತ್ತಿಕೊಂಡ ಬೇರುಗಳನ್ನು ಸ್ವಲ್ಪ ಸವರಿ, ಹೊಸ ಮಣ್ಣಿನೊಡನೆ ಅದೇ ಕುಂಡದಲ್ಲಿ ಕೂರಿಸಬೇಕು, ಗೊಬ್ಬರ ಮಿತವಾಗಿರಬೇಕು. ಗಿಡ ಸಾಯುವುದಿಲ್ಲ, ಅಳತೆಯಲ್ಲಿ ಬಾಳುತ್ತದೆ.

ಮಗನಿಗೆ ಹೇಳಿದೆ: ಅಪ್ಪನ ಮೇಲಿನ ಪ್ರೀತಿ ಬೇರೆ, ಯಾವುದೂ ಬದಲಾಗಬಾರದು ಎಂಬ ಹಟ ಬೇರೆ. ದುಃಖ ಬೆಳೆಯುವುದು ಹಟದಿಂದ. ಕತ್ತರಿಸಿದ ತುದಿಯನ್ನು ನೆಟ್ಟು, ಬೇರು ಬಂದ ಮೇಲೆ ಯಾರಿಗಾದರೂ ಕೊಟ್ಟರೆ ಅದು ಅಪ್ಪನ ಹೆಸರಿನ ದಾನ.

ಧಮ್ಮಬಂಧುಗಳೇ, ಇಂದು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡೋಣ: ಯಾವ ಹಂಬಲಕ್ಕೆ ನಾನು ದಿನವೂ ನೀರೆರೆಯುತ್ತಿದ್ದೇನೆ?

ಭವತು ಸಬ್ಬ ಮಂಗಳಂ 🌿